ಸ್ಪೆನ್ಸರ್ ಕೈಬಿಟ್ಟ ಅಧ್ಯಾಯ

1851ರಲ್ಲಿ ಲಂಡನ್ನಿನಲ್ಲಿ ‘ಸೋಶಿಯಲ್ ಸ್ಟ್ಯಾಟಿಕ್ಸ್’ ಎಂಬ ಪುಸ್ತಕ ಹೊರಬಂತು. ಬರೆದವನು ಡರ್ಬಿ ಊರಿನ ಹರ್ಬರ್ಟ್ ಸ್ಪೆನ್ಸರ್. ರೈಲ್ವೆಯಲ್ಲಿ ಎಂಜಿನಿಯರಾಗಿ ದುಡಿದು, ಆಮೇಲೆ ‘ದಿ ಎಕಾನಮಿಸ್ಟ್’ ಪತ್ರಿಕೆಯ ಉಪಸಂಪಾದಕನಾದವನು. 1892ರಲ್ಲಿ ಆತನೇ ಆ ಪುಸ್ತಕವನ್ನು ಪರಿಷ್ಕರಿಸಿ ಮತ್ತೆ ಅಚ್ಚು ಹಾಕಿಸಿದ. ಆಗ ಅದರಲ್ಲಿ ಒಂದು ಮುಖ್ಯ ಅಧ್ಯಾಯವೇ ಇರಲಿಲ್ಲ. ಸ್ಪೆನ್ಸರನ ರಾಜಕೀಯ ವಿಚಾರಗಳ ಮೇಲೆ ನೂರಾರು ಟೀಕೆ ಬಂದಿವೆ. ನನಗೆ ಎಲ್ಲಕ್ಕಿಂತ ತೂಕದ್ದಾಗಿ ಕಾಣುವುದು ಆ ಅಧ್ಯಾಯವನ್ನೇ ಹಿಡಿದು ಕೇಳಿದ ಪ್ರಶ್ನೆ.

ಮೊದಲು ಆತ ಹೇಳಿದ್ದೇನು ಎಂದು ನೋಡೋಣ. ಇನ್ನೊಬ್ಬರಿಗಿರುವ ಅಷ್ಟೇ ಸ್ವಾತಂತ್ರ್ಯಕ್ಕೆ ಧಕ್ಕೆ ತಾರದೆ ಯಾರು ಏನು ಬೇಕಾದರೂ ಮಾಡಬಹುದು. ಆತನ ರಾಜಕೀಯವೆಲ್ಲ ಇದೊಂದೇ ಸೂತ್ರದ ಮೇಲೆ ನಿಂತಿದೆ. ಸರ್ಕಾರ ಈ ಸ್ವಾತಂತ್ರ್ಯವನ್ನು ಕಾಯಬೇಕು, ಅದರಾಚೆ ಕೈ ಹಾಕಬಾರದು. ಸರ್ಕಾರಿ ಶಾಲೆ ಬೇಡ, ಬಡವರ ನೆರವಿಗೆಂದು ತೆರಿಗೆ ಎತ್ತುವುದು ಬೇಡ, ಊರಿನ ನೈರ್ಮಲ್ಯದ ಉಸಾಬರಿಯೂ ಬೇಡ. 1848-49ರ ಕಾಲರಾಕ್ಕೆ ಇಂಗ್ಲೆಂಡಿನಲ್ಲಿ ಸಾವಿರಾರು ಜನ ಬಲಿಯಾದ ಬೆನ್ನಿಗೇ ಆತ ಇದನ್ನು ಬರೆದ. 1884ರ ‘ದಿ ಮ್ಯಾನ್ ವರ್ಸಸ್ ದಿ ಸ್ಟೇಟ್’ ಹೊತ್ತಿಗೆ ಮಾತು ಇನ್ನಷ್ಟು ಬಿಗಿಯಾಯಿತು: ಒಂದೊಂದು ಹೊಸ ಕಾಯ್ದೆಯೂ ಮುಂದೆ ಬರಲಿರುವ ಗುಲಾಮಗಿರಿಯತ್ತ ಒಂದೊಂದು ಹೆಜ್ಜೆ ಎಂದ.

ಹಾಗೆಂದು ಇವನನ್ನು ಬಡವರ ವೈರಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕಿದರೆ ಅನ್ಯಾಯವಾಗುತ್ತದೆ. ಜನ ತಾವಾಗಿ ಮಾಡುವ ದಾನಧರ್ಮಕ್ಕೆ ಆತನ ವಿರೋಧವಿರಲಿಲ್ಲ. ಬೋಯರ್ ಯುದ್ಧವನ್ನು, ಸಾಮ್ರಾಜ್ಯ ಕಟ್ಟುವ ದಾಹವನ್ನು ತನ್ನ ದೇಶದವರ ಎದುರೇ ಖಂಡಿಸಿದ. ಕಚ್ಛ್‌ನ ಮಾಂಡವಿಯಲ್ಲಿ ಹುಟ್ಟಿದ ಕ್ರಾಂತಿಕಾರಿ ಶ್ಯಾಮಜಿ ಕೃಷ್ಣವರ್ಮ 1905ರಲ್ಲಿ ಲಂಡನ್ನಿನಿಂದ ‘ದಿ ಇಂಡಿಯನ್ ಸೋಶಿಯಾಲಜಿಸ್ಟ್’ ಪತ್ರಿಕೆ ಹೊರಡಿಸಿದಾಗ ಅದರ ಮುಖಪುಟದಲ್ಲಿ ಅಚ್ಚಾದದ್ದು ಸ್ಪೆನ್ಸರನ ಮಾತೇ.

ಆತನನ್ನು ನಿಜವಾಗಿ ಅಲುಗಾಡಿಸಿದವರು ಹತ್ತಿರದವರು. ಜೀವವಿಜ್ಞಾನಿ ಥಾಮಸ್ ಹಕ್ಸ್‌ಲಿ ಆತನ ಗೆಳೆಯ. ಇಬ್ಬರೂ ‘ಎಕ್ಸ್ ಕ್ಲಬ್’ನಲ್ಲಿ ಒಟ್ಟಿಗೆ ಊಟಕ್ಕೆ ಕೂರುತ್ತಿದ್ದವರು. ಸಮಾಜವೂ ಒಂದು ದೇಹವಿದ್ದಂತೆ ಎಂದು ಸ್ಪೆನ್ಸರ್ 1860ರಲ್ಲಿ ಬರೆದಿದ್ದ. 1871ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಮಾತನಾಡಿದ ಹಕ್ಸ್‌ಲಿ ಆ ಹೋಲಿಕೆಯನ್ನೇ ತಿರುಗಿಸಿದ: ದೇಹದಲ್ಲಿ ಒಂದೊಂದು ಸ್ನಾಯುವೂ ತನ್ನ ವಿಷಯಕ್ಕೆ ಮಿದುಳು ಬರಬಾರದು ಎಂದು ಹಟ ಹಿಡಿದರೆ ಗತಿಯೇನು? ಜೀರ್ಣಾಂಗಗಳು ಮಿದುಳಿನ ಅಪ್ಪಣೆಗೆ ಕಾಯದೆ ನಡೆಯುವುದಿಲ್ಲವೇ ಎಂದು ಸ್ಪೆನ್ಸರ್ ಅದೇ ವರ್ಷ ಉತ್ತರ ಕೊಟ್ಟ. ಜಾಣ ಉತ್ತರ, ಒಪ್ಪೋಣ. ಆದರೆ ಸಮಾಜದ ಯಾವ ಕೆಲಸ ತಾನಾಗಿ ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಅನುಭವದಿಂದ ತಿಳಿಯಬೇಕೇ ಹೊರತು ಹೋಲಿಕೆಯಿಂದಲ್ಲ.

ಆ ಅನುಭವ ಬಂದದ್ದು ಬಿಯಾಟ್ರಿಸ್ ಪಾಟರ್‌ಗೆ. ಸ್ಪೆನ್ಸರ್ ಅವಳ ಮನೆಯವರ ಆಪ್ತ, ಅವಳ ಬುದ್ಧಿಗೆ ಸಾಣೆ ಹಿಡಿದವನು. 1880ರ ದಶಕದಲ್ಲಿ ಅವಳು ಲಂಡನ್ನಿನ ಈಸ್ಟ್ ಎಂಡ್‌ಗೆ ಹೋಗಿ, ಗುರುತು ಮರೆಸಿಕೊಂಡು ಹೊಲಿಗೆ ಅಂಗಡಿಗಳಲ್ಲಿ ಕೂಲಿಗೆ ಕೂತಳು. ಅಲ್ಲಿ ಯಾವ ಅಧಿಕಾರಿಯೂ ಯಾರನ್ನೂ ಬಲವಂತ ಮಾಡುತ್ತಿರಲಿಲ್ಲ. ಕೂಲಿ ಒಪ್ಪದಿದ್ದರೆ ಹೊಟ್ಟೆಗಿಲ್ಲ, ಅಷ್ಟೇ. ಅವಳು ಸಮಾಜವಾದಕ್ಕೆ ಬಂದಳು. ಸಮಾಜವಾದಿ ಸಿಡ್ನಿ ವೆಬ್‌ನನ್ನು ಮದುವೆಯಾಗುವುದು ಖಚಿತವಾದಾಗ, ತನ್ನ ಬರಹಗಳ ಹೊಣೆಯನ್ನು ಅವಳಿಗೆ ಒಪ್ಪಿಸಬೇಕೆಂದಿದ್ದ ಸ್ಪೆನ್ಸರ್ ಆ ನಿರ್ಧಾರವನ್ನು ಹಿಂತೆಗೆದುಕೊಂಡ. ಆದರೂ ಕೊನೆಯವರೆಗೆ ಅವಳು ಆ ಮುದುಕನನ್ನು ನೋಡಲು ಹೋಗುತ್ತಿದ್ದಳು.

ಈಗ ಆ ಅಧ್ಯಾಯಕ್ಕೆ ಬರೋಣ. 1851ರಲ್ಲಿ ಸ್ಪೆನ್ಸರ್ ತನ್ನ ಸೂತ್ರವನ್ನು ನೆಲಕ್ಕೂ ಅನ್ವಯಿಸಿದ್ದ. ಭೂಮಿಯೆಲ್ಲ ಕೆಲವರ ಸ್ವತ್ತಾದರೆ, ಭೂಮಿಯಿಲ್ಲದವರು ಒಡೆಯರ ಅಪ್ಪಣೆಯಿಲ್ಲದೆ ಕಾಲೂರಲು ಜಾಗವೇ ಇರುವುದಿಲ್ಲ. ಕಾನೂನಿನ ಪ್ರಕಾರ ಅವರನ್ನು ಭೂಮಿಯಿಂದಲೇ ಹೊರದಬ್ಬಬಹುದು. ಆದ್ದರಿಂದ ಸಮಾನ ಸ್ವಾತಂತ್ರ್ಯ ಉಳಿಯಬೇಕಾದರೆ ನೆಲ ಇಡೀ ಸಮಾಜದ್ದಾಗಿರಬೇಕು, ಉಳುವವರು ಸಮಾಜಕ್ಕೆ ಗೇಣಿ ಕೊಡಬೇಕು. ಇದು ಸಮಾಜವಾದಿಯ ಬರಹವಲ್ಲ, ವ್ಯಕ್ತಿಸ್ವಾತಂತ್ರ್ಯದ ಕಟ್ಟಾ ಪ್ರತಿಪಾದಕನದು!

ಅಮೆರಿಕದ ಹೆನ್ರಿ ಜಾರ್ಜ್ 1879ರ ‘ಪ್ರೋಗ್ರೆಸ್ ಅಂಡ್ ಪಾವರ್ಟಿ’ಯಲ್ಲಿ ಈ ವಾದವನ್ನು ಮೆಚ್ಚಿ ಎತ್ತಿಕೊಂಡ. ಜಾರ್ಜನ ಪುಸ್ತಕ ಮನೆಮಾತಾದಾಗ ಜಮೀನ್ದಾರರ ಪರ ಪತ್ರಿಕೆಗಳು ಸ್ಪೆನ್ಸರನತ್ತ ಬೆರಳು ತೋರಿಸಿದವು. ಆತ ಹಿಂದೆ ಸರಿಯುತ್ತಾ ಹೋದ. ಒಡೆಯರಿಗೆ ಪರಿಹಾರ ಕೊಡಹೊರಟರೆ ಸಿಗುವ ಲಾಭಕ್ಕಿಂತ ಖರ್ಚೇ ಹೆಚ್ಚು, ಸರ್ಕಾರ ಭೂಮಿಯನ್ನು ನೋಡಿಕೊಂಡರೆ ಇನ್ನೂ ಹದಗೆಡುತ್ತದೆ ಎಂದು 1891ರ ‘ಜಸ್ಟಿಸ್’ನಲ್ಲಿ ಕಾರಣ ಕೊಟ್ಟ. ಮರುವರ್ಷ ಅಧ್ಯಾಯ ಹೋಯಿತು. ಸಿರಿವಂತರಿಗೆ ಅಂಜಿ ಹೀಗೆ ಮಾಡಿದ ಎಂದು ಜಾರ್ಜ್ ಅದೇ 1892ರಲ್ಲಿ ಒಂದು ಪುಸ್ತಕವನ್ನೇ ಬರೆದ. ಅಂಜಿಕೆಯ ಆರೋಪವನ್ನು ನಾನು ಒಪ್ಪುವುದಿಲ್ಲ, ಸ್ಪೆನ್ಸರ್ ಸುಮ್ಮನೆ ಅಂಜುವ ಜಾತಿಯವನಲ್ಲ. ಆದರೆ ಜಾರ್ಜನ ತರ್ಕಕ್ಕೆ ಆತನಲ್ಲಿ ಉತ್ತರವಿರಲಿಲ್ಲ. ಖರ್ಚು ಹೆಚ್ಚು ಎಂಬುದು ಲೆಕ್ಕದ ಮಾತು. ಶಾಲೆ, ಚರಂಡಿಗಳ ವಿಷಯದಲ್ಲಿ ಲಾಭನಷ್ಟದ ಲೆಕ್ಕ ಬೇಡ, ತತ್ವ ಮುಖ್ಯ ಎಂದು ಪಟ್ಟು ಹಿಡಿದವನು ನೆಲದ ವಿಷಯ ಬಂದಾಗ ಮಾತ್ರ ತತ್ವ ಬಿಟ್ಟು ಲೆಕ್ಕ ಹಿಡಿದ. ಸರ್ಕಾರದ ಬಲವಂತವನ್ನು ಸೂಕ್ಷ್ಮವಾಗಿ ಗುರುತಿಸಿದವನು, ಆಸ್ತಿಯ ಬಲವಂತವನ್ನೂ ಒಮ್ಮೆ ಕಂಡು, ಮತ್ತೆ ಕಣ್ಣು ಹೊರಳಿಸಿಕೊಂಡ.

ಸ್ಪೆನ್ಸರ್ 1903ರಲ್ಲಿ ತೀರಿಕೊಂಡ. ಎರಡು ವರ್ಷಗಳ ನಂತರ ಅಮೆರಿಕದ ಸುಪ್ರೀಂ ಕೋರ್ಟಿಗೆ ಬೇಕರಿ ಕೆಲಸಗಾರರ ಪ್ರಕರಣವೊಂದು ಬಂತು. ದಿನಕ್ಕೆ 10, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದೆಂಬ ನ್ಯೂಯಾರ್ಕ್ ಕಾಯ್ದೆಯನ್ನು ಐವರು ನ್ಯಾಯಮೂರ್ತಿಗಳು ರದ್ದುಪಡಿಸಿದರು, ನಾಲ್ವರು ಒಪ್ಪಲಿಲ್ಲ. ಕಾರಣ: ಒಪ್ಪಂದದ ಸ್ವಾತಂತ್ರ್ಯ. ಭಿನ್ನಮತ ಬರೆದ ಆಲಿವರ್ ವೆಂಡೆಲ್ ಹೋಮ್ಸ್ ‘ಸೋಶಿಯಲ್ ಸ್ಟ್ಯಾಟಿಕ್ಸ್’ ಹೆಸರನ್ನೇ ಎತ್ತಿ, ಸಂವಿಧಾನ ಆ ಪುಸ್ತಕವನ್ನು ಕಾನೂನಾಗಿಸಿಲ್ಲ ಎಂದ. ಸ್ಪೆನ್ಸರ್ ಹೇಳಿದ್ದು ಸರಿಯೋ ತಪ್ಪೋ ಎಂಬ ಚರ್ಚೆಗೆ ಆತ ಇಳಿಯಲಿಲ್ಲ. ಅದನ್ನು ತೀರ್ಮಾನಿಸುವ ಹಕ್ಕು ಜನರದ್ದು ಎಂಬುದಷ್ಟೇ ಆತನ ವಾದ. ಆ ವಾದ ಗೆಲ್ಲಲು 32 ವರ್ಷ ಹಿಡಿಯಿತು. 1937ರಲ್ಲಿ, ವಾಷಿಂಗ್ಟನ್ ರಾಜ್ಯದ ಹೋಟೆಲೊಂದರಲ್ಲಿ ಕೋಣೆ ಗುಡಿಸುತ್ತಿದ್ದ ಎಲ್ಸಿ ಪ್ಯಾರಿಶ್ ಎಂಬಾಕೆ ಕನಿಷ್ಠ ಕೂಲಿಗಾಗಿ ಹೂಡಿದ ದಾವೆಯಲ್ಲಿ, ಅದೇ ನ್ಯಾಯಾಲಯ ಮತ್ತೆ ಐದಕ್ಕೆ ನಾಲ್ಕು ಮತಗಳಿಂದ ಕೂಲಿ ಕಾಯ್ದೆಯನ್ನು ಎತ್ತಿಹಿಡಿಯಿತು. ಚೌಕಾಸಿ ಮಾಡುವ ಶಕ್ತಿಯೇ ಇಲ್ಲದವರನ್ನು ಮಾಲೀಕರು ಶೋಷಿಸುವುದನ್ನು ತಡೆಯುವ ಅಧಿಕಾರ ಶಾಸನಸಭೆಗೆ ಇದೆ ಎಂದು ತೀರ್ಪಿನಲ್ಲಿ ಒಪ್ಪಿಕೊಂಡಿತು.