ಗ್ರಾಮ ಪಂಚಾಯತಿಯ ಮಿಂಚಂಚೆ: ಕಛೇರಿಯ ಗಣಕಯಂತ್ರದಲ್ಲಿ ಖಾತೆಯನ್ನು ಅಳವಡಿಸುವ ಬಗೆ

(ತೋವಿನಕೆರೆಯಲ್ಲಿ ಗ್ರಾಮ ಪಂಚಾಯತಿ ಸಿಬ್ಬಂದಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ನಾನು ಹಿಂದೆ ಸೇವೆಯಲ್ಲಿದ್ದ ಒಂದು ಕಛೇರಿಯ ಪ್ರಸಂಗದಿಂದ ಆರಂಭಿಸುತ್ತೇನೆ. ಕಛೇರಿಯ ಹೆಸರು ಇಲ್ಲಿ ಅನಗತ್ಯ. ಕುಡಿಯುವ ನೀರಿನ ಕಾಮಗಾರಿಯೊಂದರ ಬಿಲ್ಲುಗಳ ಪ್ರತಿಯನ್ನು ಕೋರಿ ಗ್ರಾಮಸ್ಥರೊಬ್ಬರು ಮಿಂಚಂಚೆಯ ಮೂಲಕ ಮಾಹಿತಿ ಹಕ್ಕಿನ ಅರ್ಜಿ ಕಳುಹಿಸಿದ್ದರು. ಕೆಲವು ದಿನಗಳಲ್ಲಿಯೇ ನಮ್ಮ ಗಣಕಯಂತ್ರದ ಹಾರ್ಡ್ ಡಿಸ್ಕ್ ಕೆಟ್ಟಿತು. ಪತ್ರಗಳು ಸರ್ವರಿನಲ್ಲಿ ಇದ್ದೇ ಇರುತ್ತವೆ ಎಂದು ನಾವು ನಿಶ್ಚಿಂತರಾಗಿದ್ದೆವು. ತೆರೆದು ನೋಡಿದರೆ ಅಂಚೆಪೆಟ್ಟಿಗೆ ಬರಿದಾಗಿತ್ತು. ಖಾತೆಯನ್ನು ಅಳವಡಿಸಿದ್ದವರು ಒಂದು ಆಯ್ಕೆಯನ್ನು ಗಮನಿಸಿರಲಿಲ್ಲ. ಪತ್ರಗಳೆಲ್ಲ ಯಂತ್ರಕ್ಕೆ ಇಳಿದ ಕೂಡಲೇ ಸರ್ವರಿನಿಂದ ಅಳಿಸಿಹೋಗಿದ್ದವು. ಅರ್ಜಿದಾರರ ಬಳಿ ಕಳುಹಿಸಿದ ದಿನಾಂಕದ ಪುರಾವೆ ಇತ್ತು. ನಮ್ಮ ಬಳಿ ಅರ್ಜಿಯೂ ಇರಲಿಲ್ಲ, ಅದು ಬಂದಿತ್ತೆಂಬ ಗುರುತೂ ಇರಲಿಲ್ಲ.

ಮಾಹಿತಿ ಹಕ್ಕು ಅಧಿನಿಯಮ, 2005ರ 2(ಎಫ್) ಪ್ರಕರಣವು ‘ಮಾಹಿತಿ’ ಎಂಬುದರ ವ್ಯಾಖ್ಯೆಯಲ್ಲಿಯೇ ಇ-ಮೇಲ್‌ಗಳನ್ನು ಸೇರಿಸಿದೆ. 6ನೇ ಪ್ರಕರಣದಂತೆ ಅರ್ಜಿಯನ್ನು ವಿದ್ಯುನ್ಮಾನ ರೀತಿಯಲ್ಲಿಯೂ ಸಲ್ಲಿಸಬಹುದು. ಅರ್ಜಿ ಸ್ವೀಕೃತವಾದ ದಿನದಿಂದ 30 ದಿನಗಳ ಗಡುವು. ಸಕಾರಣವಿಲ್ಲದೆ ವಿಳಂಬವಾದರೆ ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ. ಆದ್ದರಿಂದ ಮಿಂಚಂಚೆಯ ಪೆಟ್ಟಿಗೆಯೂ ಕಛೇರಿಯ ದಫ್ತರವೇ. ಸ್ವೀಕೃತಿ ವಹಿಗೆ ತೋರುವ ಎಚ್ಚರಿಕೆಯನ್ನು ಅದಕ್ಕೂ ತೋರಬೇಕಾಗುತ್ತದೆ.

ನಮ್ಮಲ್ಲಿ ಬಹುತೇಕರು ಬ್ರೌಸರ್ ತೆರೆದು, ಪಾಸ್‌ವರ್ಡ್ ಒತ್ತಿ ಅಂಚೆ ನೋಡುವವರು. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಇಂಟರ್‌ನೆಟ್ ಸಂಪರ್ಕ ಕಡಿತವಾದ ದಿನ ಹಳೆಯ ಪತ್ರವೊಂದನ್ನೂ ನೋಡಲಾಗುವುದಿಲ್ಲ. ಥಂಡರ್‌ಬರ್ಡ್‌ನಂತಹ ಅಂಚೆ ತಂತ್ರಾಂಶವನ್ನು ಯಂತ್ರದಲ್ಲಿ ಸ್ಥಾಪಿಸಿಕೊಂಡರೆ ಪತ್ರಗಳ ಪ್ರತಿ ಯಂತ್ರದಲ್ಲಿಯೂ ಉಳಿಯುತ್ತದೆ. 2004ರಲ್ಲಿ ಇದರ ಮೊದಲ ಪೂರ್ಣ ಆವೃತ್ತಿ ಬಂದಿತು; ಇಂದಿಗೂ ಉಚಿತವಾಗಿಯೇ ದೊರೆಯುತ್ತದೆ.

ಇನ್ನು ಅಳವಡಿಕೆ. ತಂತ್ರಾಂಶವು ಹೆಸರು, ಮಿಂಚಂಚೆ ವಿಳಾಸಗಳನ್ನು ಕೇಳುತ್ತದೆ. ಹೆಸರಿನ ಸ್ಥಳದಲ್ಲಿ ದಯವಿಟ್ಟು ತಮ್ಮ ಸ್ವಂತ ಹೆಸರನ್ನು ಬರೆಯದೆ ಪಂಚಾಯತಿಯ ಹೆಸರನ್ನೇ ಬರೆಯಿರಿ. ಅನಂತರ ಅದು ‘ಐಮ್ಯಾಪ್’ ಬೇಕೋ ‘ಪಾಪ್’ ಬೇಕೋ ಎಂದು ಕೇಳುತ್ತದೆ. ನಾನು ಹೇಳಿದ ಕಛೇರಿ ಎಡವಿದ್ದು ಇಲ್ಲಿಯೇ. ಪಾಪ್ ಎಂಬುದು ಅಂಚೆಪೆಟ್ಟಿಗೆಯಿಂದ ಕಾಗದಗಳನ್ನು ಮನೆಗೆ ಒಯ್ಯುವ ವಿಧಾನ. ‘ಸರ್ವರಿನಲ್ಲಿಯೂ ಪ್ರತಿ ಉಳಿಯಲಿ’ ಎಂಬ ಗುರುತನ್ನು ಹಾಕದಿದ್ದರೆ ಅಲ್ಲಿ ಏನೂ ಉಳಿಯದು. ಕೆಲವೆಡೆ ಇಷ್ಟು ದಿನ ಮಾತ್ರ ಉಳಿಯಲಿ ಎಂಬ ಮಿತಿಯೂ ಇರುತ್ತದೆ. ಐಮ್ಯಾಪ್‌ನಲ್ಲಿ ಮೂಲಪ್ರತಿ ಸರ್ವರಿನಲ್ಲಿಯೇ ಇದ್ದು, ಯಂತ್ರದಲ್ಲಿರುವುದು ಅದರ ಪಡಿಯಚ್ಚು. ಅಧಿಕಾರಿಗಳ ಮೊಬೈಲ್, ಆಪರೇಟರ್ ಯಂತ್ರ ಎರಡರಲ್ಲಿಯೂ ಒಂದೇ ಪೆಟ್ಟಿಗೆ ಕಾಣಬೇಕಾದ ನಮ್ಮಂತಹ ಕಛೇರಿಗಳಿಗೆ ಐಮ್ಯಾಪ್ ಮಾತ್ರವೇ ತಕ್ಕುದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಮಾತು: ಇಲ್ಲಿ ಯಂತ್ರದಲ್ಲಿ ಅಳಿಸಿದ್ದು ಅಲ್ಲಿಯೂ ಅಳಿಯುತ್ತದೆ. ಆದಕಾರಣ ಮುಖ್ಯ ಪತ್ರಗಳನ್ನು ಪ್ರತ್ಯೇಕವಾಗಿ ಉಳಿಸಿ, ಮುದ್ರಿಸಿ ಕಡತಕ್ಕೆ ಸೇರಿಸುವುದು ತಪ್ಪದು.

ಜಿ-ಮೇಲ್ ಖಾತೆಯಾದರೆ ತಂತ್ರಾಂಶವೇ ವಿವರಗಳನ್ನು ಹುಡುಕಿಕೊಂಡು ಗೂಗಲ್‌ನ ಪ್ರವೇಶ ಪುಟವನ್ನು ತೆರೆಯುತ್ತದೆ. ಅಲ್ಲಿ ಒಪ್ಪಿಗೆ ನೀಡಿದರೆ ಸಾಕು. ವಿವರ ಕೇಳಿದಲ್ಲಿ, ಒಳಬರುವ ಅಂಚೆಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993. ಹೊರಹೋಗುವ ಅಂಚೆಗೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465 ಅಥವಾ 587. ಬಳಕೆದಾರರ ಹೆಸರು ಎಂದರೆ ಪೂರ್ಣ ಮಿಂಚಂಚೆ ವಿಳಾಸ. 2022ರ ಮೇ 30ರಿಂದೀಚೆಗೆ, ಬರಿಯ ಪಾಸ್‌ವರ್ಡ್ ನೀಡುವ ಹಳೆಯ ತಂತ್ರಾಂಶಗಳಿಗೆ ಗೂಗಲ್ ಪ್ರವೇಶ ನಿಲ್ಲಿಸಿದೆ. ಅಂತಹ ತಂತ್ರಾಂಶವನ್ನೇ ಬಳಸಬೇಕಾಗಿ ಬಂದರೆ, ಎರಡು ಹಂತದ ಪರಿಶೀಲನೆಯನ್ನು ಜಾರಿಗೊಳಿಸಿ, 16 ಅಕ್ಷರಗಳ ಪ್ರತ್ಯೇಕ ಆ್ಯಪ್ ಪಾಸ್‌ವರ್ಡ್ ಪಡೆಯಬೇಕು. ಸರ್ಕಾರಿ ಡೊಮೇನಿನ ಖಾತೆಯಿದ್ದವರು ಊಹೆಯಿಂದ ಏನನ್ನೂ ತುಂಬದೆ ಎನ್.ಐ.ಸಿ. ಜಿಲ್ಲಾ ಕೇಂದ್ರದಿಂದ ವಿವರ ಪಡೆದುಕೊಳ್ಳತಕ್ಕದ್ದು.

ಅಂಚೆ ಬರುತ್ತದೆ, ಹೋಗುವುದಿಲ್ಲ ಎಂಬ ದೂರು ಸಾಮಾನ್ಯ. ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಹೊರಹೋಗುವ ಸರ್ವರಿನ ವಿವರವನ್ನು ಪ್ರತ್ಯೇಕವಾಗಿ ಪರೀಕ್ಷಿಸಿರಿ. ಮತ್ತೊಂದು ದೋಷ ನಗು ತರಿಸುವಂತಹುದು. ಹಳೆಯ ಯಂತ್ರಗಳ ಒಳಗಿನ ಗುಂಡಿಯಾಕಾರದ ಬ್ಯಾಟರಿ ಸತ್ತಿದ್ದರೆ, ಕರೆಂಟು ಹೋಗಿ ಬಂದೊಡನೆ ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಜಾರುತ್ತದೆ. ಆಗ ಸರ್ವರಿನ ಭದ್ರತಾ ಪ್ರಮಾಣಪತ್ರವು ಸಿಂಧುವಲ್ಲವೆಂದು ತಂತ್ರಾಂಶ ಸಂಪರ್ಕವನ್ನು ನಿರಾಕರಿಸುತ್ತದೆ. ಪಾಸ್‌ವರ್ಡನ್ನು ಹತ್ತು ಬಾರಿ ಬದಲಿಸುವ ಮೊದಲು ಪರದೆಯ ಮೂಲೆಯ ಗಡಿಯಾರವನ್ನು ನೋಡಿರಿ. ಸಣ್ಣ ಮೊತ್ತದ ಬ್ಯಾಟರಿಯಿಂದ ಎಲ್ಲವೂ ಸರಿಹೋಗುತ್ತದೆ.

ನುಡಿ ತಂತ್ರಾಂಶದಲ್ಲಿ ಹಳೆಯ ಅಕ್ಷರ ವಿನ್ಯಾಸದಿಂದ ಬೆರಳಚ್ಚಿಸಿದ ಪತ್ರವನ್ನು ನೇರವಾಗಿ ಮಿಂಚಂಚೆಗೆ ಅಂಟಿಸಿದರೆ, ಪಡೆದವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಯೂನಿಕೋಡ್‌ನಲ್ಲಿ ಬೆರಳಚ್ಚಿಸಿರಿ, ಇಲ್ಲವೇ ಪಿಡಿಎಫ್ ಮಾಡಿ ಲಗತ್ತಿಸಿರಿ.

ಇನ್ನು ವರ್ಗಾವಣೆಯ ವಿಷಯ. ಪರಿಶೀಲನೆಯ ಸಂಖ್ಯೆ ಬರುವ ಮೊಬೈಲು ವರ್ಗವಾಗಿ ಹೋದ ಅಧಿಕಾರಿಗಳದಾಗಿದ್ದರೆ, ಹೊಸಬರು ತಮ್ಮ ಕಛೇರಿಯ ಅಂಚೆಗಾಗಿ ಅವರನ್ನು ಕಾಡಬೇಕಾಗುತ್ತದೆ. ಆದ್ದರಿಂದ ಕಛೇರಿಯ ಸಂಖ್ಯೆಯನ್ನೇ ನೋಂದಾಯಿಸಿ, ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀಗದ ಕೈ, ಚೆಕ್ ಪುಸ್ತಕಗಳೊಂದಿಗೆ ಮಿಂಚಂಚೆ ಖಾತೆಯನ್ನೂ ಕಾಣಿಸಿರಿ. ಅಂದೇ ಪಾಸ್‌ವರ್ಡ್ ಬದಲಾಗಲಿ. ತಂತ್ರಾಂಶ ತೆರೆದಿರುವ ಯಂತ್ರದ ಮುಂದೆ ಯಾರು ಕುಳಿತರೂ ಪಂಚಾಯತಿಯ ಹೆಸರಿನಲ್ಲಿ ಪತ್ರ ಕಳುಹಿಸಬಲ್ಲರು. ಹೀಗಾಗಿ ಯಂತ್ರಕ್ಕೂ ಪಾಸ್‌ವರ್ಡ್ ಇರಲಿ, ಎದ್ದು ಹೋಗುವಾಗ ಪರದೆಗೆ ಬೀಗ ಬೀಳಲಿ.

ಮಧ್ಯಾಹ್ನದ ಊಟದ ಬಳಿಕ ಇಲ್ಲಿಯ ಯಂತ್ರದಲ್ಲಿ ಒಂದು ಖಾತೆಯನ್ನು ಅಳವಡಿಸಿ ತೋರಿಸಲಾಗುವುದು. ತಮ್ಮ ಕಛೇರಿಯ ಖಾತೆಗೆ ಪರಿಶೀಲನಾ ಸಂಖ್ಯೆ ಯಾರ ಮೊಬೈಲಿಗೆ ಬರುತ್ತದೆ ಎಂಬುದು ತಿಳಿಯದವರು, ಊಟಕ್ಕೆ ಏಳುವ ಮುನ್ನ ಕಛೇರಿಗೆ ದೂರವಾಣಿ ಮಾಡಿ ವಿಚಾರಿಸಿಕೊಳ್ಳಬೇಕೆಂದು ಕೋರುತ್ತೇನೆ.