ಹಿತ್ತಿಲಿನಿಂದ ಕೂಸಿನ ಬಟ್ಟಲಿಗೆ



ಪರಿಸರದ ವೇದಿಕೆಯಲ್ಲಿ ಕೂಸಿನ ಗಂಜಿಯ ಮಾತೇಕೆ ಎಂಬ ಪ್ರಶ್ನೆ ಸಹಜ. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಗದ್ದೆಗಳು ಅಡಿಕೆ ತೋಟಗಳಾದಂತೆಲ್ಲ, ಭತ್ತದ ಕೊಯ್ಲಿನ ಬಳಿಕ ಉಳಿದ ತೇವದಲ್ಲಿ ಬೆಳೆಯುತ್ತಿದ್ದ ಹೆಸರು, ಉದ್ದು, ಅಲಸಂದೆಗಳಿಗೂ ಜಾಗವಿಲ್ಲದಾಯಿತು. ಬೇಳೆ, ತರಕಾರಿಗಳು ಪೇಟೆಯಿಂದ ಬರತೊಡಗಿದವು. ಜೊತೆಗೇ ಕೂಸಿನ ಆಹಾರದ ಡಬ್ಬಿಯೂ ಬಂದಿತು. ಎರಡು ವರ್ಷದೊಳಗಿನ ಮಕ್ಕಳ ಆಹಾರದ ಜಾಹೀರಾತನ್ನು 1992ರ ಕಾಯಿದೆಯೂ ಅದರ 2003ರ ತಿದ್ದುಪಡಿಯೂ ನಿಷೇಧಿಸಿವೆ. ಆದರೆ ಡಬ್ಬಿಯಲ್ಲಿದ್ದುದೇ ಮೇಲು ಎಂಬ ನಂಬಿಕೆಗೆ ಜಾಹೀರಾತು ಬೇಕಾಗಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಂದಿಗೆ ರಕ್ತಹೀನತೆಯಿದೆ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಷ್ಟೇ ಸಾಕು. ಆ ಹೊತ್ತಿಗೆ ಕೂಸು ಹುಟ್ಟುವಾಗ ತಂದ ಕಬ್ಬಿಣದ ಸಂಗ್ರಹ ಕರಗಿರುತ್ತದೆ. ಹಾಲಿನೊಂದಿಗೆ ಮೆತ್ತನೆಯ ಆಹಾರವೂ ಬೇಕಾಗುತ್ತದೆ. ಮನೆಗಳಲ್ಲಿ ಮೊದಲು ಕೊಡುವುದು ಗಂಜಿಯ ತಿಳಿ. ಅದರಲ್ಲಿ ನೀರೇ ಹೆಚ್ಚು, ಕೂಸಿನ ಹೊಟ್ಟೆಯೋ ಚಿಕ್ಕದು. ಗಟ್ಟಿ ಮಾಡಿದರೆ ಕೂಸು ನುಂಗದು.

ಈ ಇಕ್ಕಟ್ಟಿಗೆ ಉತ್ತರ ಮೊಳಕೆಯಲ್ಲಿದೆ. ಕಾಳು ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹಿಟ್ಟು ಹೆಚ್ಚು ಹಾಕಿದರೂ ಗಂಜಿ ತೆಳುವಾಗಿಯೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ಮಲ್ಲೇಶಿ ಮತ್ತು ದೇಶಿಕಾಚಾರ್ 1982ರಲ್ಲಿ ಪ್ರಕಟಿಸಿದ ಶಿಶು ಆಹಾರ ಈ ತತ್ತ್ವದ್ದೇ: ಮೊಳಕೆಯ ರಾಗಿ 70 ಪಾಲು, ಮೊಳಕೆಯ ಹೆಸರು 30 ಪಾಲು. ಧಾನ್ಯದಲ್ಲಿ ಕಡಿಮೆಯಿರುವ ಲೈಸಿನ್ ಅಂಶವನ್ನು ಹೆಸರು ತುಂಬುತ್ತದೆ. ರಾಗಿಯನ್ನು ಒಂದು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳೆಯಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಿ, ಮೊಳಕೆಯನ್ನು ಉಜ್ಜಿ ತೆಗೆದು, ಹದವಾಗಿ ಬೆಚ್ಚಗೆ ಮಾಡಿ ಬೀಸಬೇಕು. ಹೆಸರಿಗೆ ಒಂದು ದಿನದ ಮೊಳಕೆ ಸಾಕು. ಘಮ ಬರಲೆಂದು ಕೆಂಪಗೆ ಹುರಿದರೆ ಕಿಣ್ವ ನಾಶವಾಗಿ ಪಟ್ಟ ಶ್ರಮವೆಲ್ಲ ವ್ಯರ್ಥ.

ಆಗುಂಬೆ, ಹುಲಿಕಲ್ಲುಗಳ ಮಳೆಗಾಲದಲ್ಲಿ ಇದು ಆಗುವ ಕೆಲಸವಲ್ಲ. ಅರೆಬರೆ ಒಣಗಿದ ಕಾಳಿಗೆ ಬೂಷ್ಟು ಹಿಡಿದರೆ ಹುಟ್ಟಬಹುದಾದ ಅಫ್ಲಟಾಕ್ಸಿನ್ ವಿಷವು ಗಂಜಿ ಕುದಿಸಿದರೂ ಹೋಗದು. ಆಗ ಅಂದಂದೇ ಬೇಯಿಸಿದ ಅಕ್ಕಿ–ಬೇಳೆಯೇ ಲೇಸು: ಮೂರು ಪಾಲು ಅಕ್ಕಿ, ಒಂದು ಪಾಲು ಹೆಸರುಬೇಳೆ, ಸಿಹಿಗುಂಬಳದ ಹೋಳು, ಸಿಕ್ಕರೆ ಹರಿವೆ ಅಥವಾ ನುಗ್ಗೆಯ ಎಳೆಸೊಪ್ಪು. ನುಣ್ಣಗೆ ಮಸೆದು ಅರ್ಧ ಚಮಚ ತುಪ್ಪ, ಕಡೆಗೆ ನಾಲ್ಕು ಹನಿ ನಿಂಬೆರಸ. ಬೇಳೆ, ಸೊಪ್ಪುಗಳ ಕಬ್ಬಿಣವನ್ನು ದೇಹ ಹೀರಿಕೊಳ್ಳಲು ಅದು ನೆರವಾಗುತ್ತದೆ. ವರ್ಷ ತುಂಬುವವರೆಗೆ ಉಪ್ಪು, ಸಕ್ಕರೆ ಬೇಡ. ಜೇನೂ ಬೇಡ (ಅಜ್ಜಿಯರಿಗೆ ಈ ಮಾತು ಹಿಡಿಸದು). ಅದರಲ್ಲಿ ಬೊಟುಲಿಸಂ ರೋಗಾಣುವಿನ ಬೀಜಾಣುಗಳಿರಬಹುದು.

ಸೊಪ್ಪು ಎಲ್ಲಿಯದೆಂಬುದೂ ಮುಖ್ಯ. ಕೊಳೆರೋಗಕ್ಕೆಂದು ಅಡಿಕೆ ಗೊನೆಗೆ ಸಿಂಪಡಿಸುವ ಮೈಲುತುತ್ತ–ಸುಣ್ಣದ ಬೋರ್ಡೋ ದ್ರಾವಣ ಕೆಳಗಿನ ಗಿಡಗಳ ಮೇಲೆ ತೊಟ್ಟಿಕ್ಕುತ್ತದೆ. ಕಳೆನಾಶಕ ಹೊಡೆದ ತೋಟದ ಒಂದೆಲಗವಂತೂ ಯಾರ ತಂಬುಳಿಗೂ ಸಲ್ಲದು. ಕೂಸಿನ ಪಾಲಿನ ಸೊಪ್ಪು ಬೆಳೆಯಬೇಕಾದುದು ಅಡುಗೆಮನೆಯ ಹಿಂದಿನ ಹಿತ್ತಿಲಿನಲ್ಲಿ. ಜಡಿಮಳೆಯಲ್ಲಿ ಹರಿವೆ ಕೊಳೆಯುತ್ತದೆ ನಿಜ. ಅದಕ್ಕಾಗಿಯೇ ಬೇಸಿಗೆಯ ಗುಂಬಳ, ಮೊಗೆಕಾಯಿಗಳನ್ನು ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕುವ ಪದ್ಧತಿ ಈ ಸೀಮೆಯ ಹಳೆಯ ಮನೆಗಳಲ್ಲಿತ್ತು. ಆ ಗುಂಬಳದ ಬೀಜವನ್ನು ಬಿತ್ತಲು ಗೊಬ್ಬರಗುಂಡಿಯ ಅಂಚಿನಷ್ಟು ಜಾಗ ಸಾಕು.