ಇದೊಂದು ಆಟ ಆಡಿ ಬಿಡ್ತೀನಿ

ಸುವರ್ಣ ಮಹೋತ್ಸವದಲ್ಲಿ ಕಂಪ್ಯೂಟರ್ ಬಗ್ಗೆ ನಾಲ್ಕು ಮಾತಾಡು ಅಂತ ಮೇಷ್ಟ್ರು ಹೇಳಿದ್ದರು. ಎಲ್ಲರ ಜೇಬಿನಲ್ಲಿರುವ ಕಂಪ್ಯೂಟರ್ ಬಗ್ಗೆಯೇ ಮಾತಾಡುತ್ತೇನೆ. ಅದರಲ್ಲಿ ದುಡ್ಡು ಕಟ್ಟಿ ಆಡುವ ಆಟದ ಬಗ್ಗೆ.

ಕುಡಿದು ಬಂದರೆ ವಾಸನೆಯಿಂದ ಮನೆಯವರಿಗೆ ಗೊತ್ತಾಗುತ್ತದೆ. ಮೊಬೈಲ್ ಜೂಜಿಗೆ ವಾಸನೆ ಇಲ್ಲ. ಮಗ ಜಗಲಿ ಮೇಲೆ ಕೂತು ಫೋನ್ ನೋಡುತ್ತಿದ್ದಾನೆ, ಅಷ್ಟೆ. ಗೊತ್ತಾಗುವ ಹೊತ್ತಿಗೆ ಅಮ್ಮನ ಸರ ಅಡವಿಗೆ ಹೋಗಿರುತ್ತದೆ.

ಆಡುವವನು ದಡ್ಡನಲ್ಲ. ಅವನ ತಲೆಯಲ್ಲಿ ಒಂದು ಲೆಕ್ಕ ಓಡುತ್ತಿರುತ್ತದೆ: ಇಷ್ಟು ಸಲ ಸೋತಿದ್ದೇನೆ, ಇನ್ನು ಬರಲೇಬೇಕು. 1913ರ ಆಗಸ್ಟ್ 18ರಂದು ಮಾಂಟೆ ಕಾರ್ಲೊದ ಜೂಜುಕಟ್ಟೆಯಲ್ಲಿ ಚಕ್ರದ ಗುಂಡು ಸತತ 26 ಸಲ ಕಪ್ಪು ಮನೆಯಲ್ಲೇ ನಿಂತಿತು. ಈ ಸಲ ಕೆಂಪೇ ಎಂದು ಜನ ಮತ್ತೆ ಮತ್ತೆ ಕಟ್ಟಿ ಕಳೆದುಕೊಂಡರು. ಚಕ್ರಕ್ಕೆ ನೆನಪಿಲ್ಲ. ಪ್ರೋಗ್ರಾಂ ಬರೆಯುವವನಾಗಿ ಹೇಳುತ್ತೇನೆ, ನೀವೆಷ್ಟು ಸೋತಿರಿ ಎಂದು ನೋಡಿ ಮರುಕಪಡುವ ಸಾಲು ಅದರಲ್ಲಿ ಇರುವುದಿಲ್ಲ.

ಆದರೆ ದುಡ್ಡಿಗಿಂತ ದೊಡ್ಡ ನಷ್ಟ ಬೇರೆ ಇದೆ. ಅಮೆರಿಕದ ಮನೋವೈದ್ಯ ಅಬ್ರಹಾಂ ಟ್ವೆರ್ಸ್ಕಿ ವ್ಯಸನಿಯ ಯೋಚನೆಯ ಬಗ್ಗೆ 1990ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಬೇರೆಯವರಿಗೆ ಸುಳ್ಳು ಹೇಳುವ ಮೊದಲು ವ್ಯಸನಿ ತನಗೇ ಹೇಳಿಕೊಳ್ಳುತ್ತಾನೆ, ಅದರ ಬುಡದಲ್ಲಿ ತನ್ನ ಬಗ್ಗೆ ತನಗೇ ಇರುವ ಕೀಳರಿಮೆ ಇರುತ್ತದೆ ಎನ್ನುತ್ತಾರೆ ಅವರು. ನಮ್ಮ ಹುಡುಗರಲ್ಲೂ ನೋಡಿ. ಸೋತಾಗ ‘ನಾನು ಯಾತಕ್ಕೂ ಬಾರದವನು’ ಅನ್ನಿಸುತ್ತದೆ. ಆ ಮಾತನ್ನು ಸುಳ್ಳು ಮಾಡಲು ಅವನಿಗೆ ಕಾಣುವುದು ಒಂದೇ ದಾರಿ: ಇನ್ನೊಂದು ಆಟ ಗೆಲ್ಲುವುದು. ನಾಚಿಕೆಯೇ ಮುಂದಿನ ಆಟಕ್ಕೆ ಕೂರಿಸುತ್ತದೆ.

ಆಮೇಲೆ ಕಣ್ಣು ತಪ್ಪಿಸುವುದು ಶುರು. ಸಾಲ ಕೊಟ್ಟ ಸ್ನೇಹಿತನ ಬೀದಿ ಬಿಟ್ಟು ಸುತ್ತಿಕೊಂಡು ಹೋಗುತ್ತಾನೆ. ಹೆಂಡತಿ ಲೆಕ್ಕ ಕೇಳಿದರೆ ‘ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ’ ಎಂದು ರೇಗುತ್ತಾನೆ. ತಪ್ಪು ಕೇಳಿದವಳ ತಲೆಗೆ ಬರುತ್ತದೆ. ಎಷ್ಟೋ ಹೆಣ್ಣುಮಕ್ಕಳು ಅದನ್ನು ನಿಜವೆಂದೇ ನಂಬಿ ಕೇಳುವುದನ್ನೇ ಬಿಡುತ್ತಾರೆ.

ಮನೆಯವರು ಎರಡು ಕೆಲಸ ಮಾಡುತ್ತಾರೆ. ಮರ್ಯಾದೆಗೆ ಅಂಜಿ ಗುಟ್ಟಾಗಿ ಸಾಲ ತೀರಿಸುತ್ತಾರೆ, ಇಲ್ಲವೇ ಊರೆದುರು ಬೈಯುತ್ತಾರೆ. ತೀರಿಸಿದರೆ ಆಡಲು ಮತ್ತೆ ಜಾಗವಾಯಿತು, ಬೈದರೆ ನಾಚಿಕೆ ಹೆಚ್ಚಿತು. ದುಡ್ಡಿನ ವ್ಯವಹಾರವನ್ನು ಕೆಲಕಾಲ ಮನೆಯ ಇನ್ನೊಬ್ಬರು ನೋಡಿಕೊಳ್ಳುವುದು, ಸಾಲದ ಪೂರ್ತಿ ಪಟ್ಟಿಯನ್ನು ಒಂದೇ ಸಲ ಕಾಗದದಲ್ಲಿ ಬರೆಸುವುದು ಇವೆರಡಕ್ಕಿಂತ ವಾಸಿ. ಅರ್ಧ ಪಟ್ಟಿ ಕೊಡುತ್ತಾನೆ ಎಂಬುದನ್ನೂ ತಿಳಿದಿರಿ. ಎರಡನೇ ಸಲ ಕೇಳಿ.

2025ರ ಆಗಸ್ಟ್‌ನಲ್ಲಿ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂದಿದೆ. ಒಳ್ಳೆಯದೇ. ಆದರೆ ತಲೆಯೊಳಗಿನ ಲೆಕ್ಕ ಕಾಯ್ದೆಗೆ ನಿಲ್ಲುವುದಿಲ್ಲ, ಇಸ್ಪೀಟಿಗೋ ಕ್ರಿಕೆಟ್ ಬೆಟ್ಟಿಂಗಿಗೋ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ, ಇದಕ್ಕೆ ಚಿಕಿತ್ಸೆ ಇದೆ. ನಿಮ್ಹಾನ್ಸ್‌ನಲ್ಲಿ ವ್ಯಸನಗಳಿಗೇ ಪ್ರತ್ಯೇಕ ಕೇಂದ್ರವಿದೆ. ಬೆಂಗಳೂರು ದೂರವಾದರೆ ಟೆಲಿ ಮಾನಸ್, 14416. ಕನ್ನಡದಲ್ಲಿ ಮಾತಾಡುತ್ತಾರೆ, ರಾತ್ರಿಯೂ ಇರುತ್ತಾರೆ, ದುಡ್ಡಿಲ್ಲ. ಆಡುವವನೇ ಮಾಡಬೇಕೆಂದಿಲ್ಲ, ಅಪ್ಪನೋ ಹೆಂಡತಿಯೋ ಮಾಡಬಹುದು. ಆ ನಂಬರನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ದಪ್ಪಕ್ಷರದಲ್ಲಿ ಬರೆಸಬೇಕೆಂದು ಮುಖ್ಯೋಪಾಧ್ಯಾಯರನ್ನು ಕೇಳಿಕೊಂಡಿದ್ದೇನೆ.